ಓಝಿಲ್‌ಗೆ ಅಷ್ಟೊಂದು ಹಿಂಬಾಲಕರು ಏಕೆ?

ಪ್ರಶ್ನೆ: ಮೆಸುಟ್ ಓಝಿಲ್ 2023ರಲ್ಲೇ ಫುಟ್‌ಬಾಲ್‌ಗೆ ವಿದಾಯ ಹೇಳಿದರು. 2014ರಲ್ಲಿ ವಿಶ್ವಕಪ್ ಗೆದ್ದ ಜರ್ಮನಿ ತಂಡದಲ್ಲಿ ಅವರಿಗಿಂತ ಹೆಚ್ಚು ಪ್ರಶಸ್ತಿಗಳನ್ನು ಬಾಚಿಕೊಂಡ ಥಾಮಸ್ ಮುಲ್ಲರ್, ಮ್ಯಾನುಯೆಲ್ ನೋಯರ್ ಅವರಂಥವರಿದ್ದರು. ಆದರೂ ಸಾಮಾಜಿಕ ಜಾಲತಾಣಗಳಲ್ಲಿ ಓಝಿಲ್ ಅವರ ಹಿಂಬಾಲಕರ ಸಂಖ್ಯೆ ಇವರಿಗಿಂತ ಬಹಳ ದೊಡ್ಡದು. ಸ್ವದೇಶದಲ್ಲೇ ಅಷ್ಟು ಟೀಕೆಗೆ ಗುರಿಯಾದ ಆಟಗಾರನಿಗೆ ಈ ಜನಪ್ರಿಯತೆ ಎಲ್ಲಿಂದ ಬಂತು? ಈ ಸಂಖ್ಯೆಗಳನ್ನು ನಂಬಬಹುದೇ?

ಉತ್ತರ: ನಿಮ್ಮ ಮಾತು ಮುಕ್ಕಾಲು ಪಾಲು ನಿಜ, ಪೂರ್ತಿ ನಿಜವಲ್ಲ. ಆದ್ದರಿಂದ ಮೊದಲು ಸಂಖ್ಯೆಗಳನ್ನು ನೋಡೋಣ. 2018ರ ಜುಲೈನಲ್ಲಿ ಓಝಿಲ್ ರಾಷ್ಟ್ರೀಯ ತಂಡವನ್ನು ತೊರೆದಾಗ ಅವರಿಗೆ ಫೇಸ್‌ಬುಕ್‌ನಲ್ಲಿ 3 ಕೋಟಿಗೂ ಹೆಚ್ಚು, ಟ್ವಿಟರ್‌ನಲ್ಲಿ 2 ಕೋಟಿಗೂ ಹೆಚ್ಚು, ಇನ್‌ಸ್ಟಾಗ್ರಾಂನಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಹಿಂಬಾಲಕರಿದ್ದರು. ಜರ್ಮನಿಯ ಒಟ್ಟು ಜನಸಂಖ್ಯೆಯೇ ಸುಮಾರು 8 ಕೋಟಿ 30 ಲಕ್ಷ ಎಂಬುದನ್ನು ನೆನೆದರೆ ಈ ಮೊತ್ತದ ಗಾತ್ರ ತಿಳಿಯುತ್ತದೆ. ಫೇಸ್‌ಬುಕ್ ಮತ್ತು ಟ್ವಿಟರ್‌ಗಳಲ್ಲಿ ಅವರ ಪೀಳಿಗೆಯ ಬೇರಾವ ಜರ್ಮನ್ ಆಟಗಾರನೂ ಅವರ ಹತ್ತಿರ ಸುಳಿಯಲಿಲ್ಲ. ಆದರೆ ಇನ್‌ಸ್ಟಾಗ್ರಾಂನ ಕಥೆ ಬೇರೆ. ಅಲ್ಲಿ ಅದೇ ವಿಶ್ವಕಪ್ ತಂಡದ ಟೋನಿ ಕ್ರೂಸ್ ಅವರು ಓಝಿಲ್ ಅವರನ್ನು ಸ್ಪಷ್ಟವಾಗಿ ಹಿಂದಿಕ್ಕಿದ್ದಾರೆ. ಮುಲ್ಲರ್ ಮತ್ತು ನೋಯರ್ ಅವರು ಕ್ರೂಸ್, ಓಝಿಲ್ ಇಬ್ಬರಿಗಿಂತಲೂ ಹಿಂದಿದ್ದಾರೆ. ಒಂದೇ ತಂಡದಲ್ಲಿ ಒಂದೇ ಕಪ್ಪನ್ನು ಎತ್ತಿದವರ ಕ್ರಮಾಂಕ ಜಾಲತಾಣದಿಂದ ಜಾಲತಾಣಕ್ಕೆ ಬದಲಾಗುವುದೇಕೆ ಎಂದು ಹುಡುಕುತ್ತ ಹೋದರೆ ನಿಮ್ಮ ಪ್ರಶ್ನೆಯ ಬಹುಪಾಲು ಬಗೆಹರಿಯುತ್ತದೆ.

ಓಝಿಲ್ ಜರ್ಮನಿಯ ವೆರ್ಡರ್ ಬ್ರೆಮೆನ್ ಕ್ಲಬ್ ಬಿಟ್ಟು ಸ್ಪೇನ್‌ನ ರಿಯಲ್ ಮ್ಯಾಡ್ರಿಡ್ ಸೇರಿದ್ದು 2010ರ ಆಗಸ್ಟ್‌ನಲ್ಲಿ. ಅದರ ಹಿಂದಿನ ತಿಂಗಳಷ್ಟೇ ಫೇಸ್‌ಬುಕ್ 50 ಕೋಟಿ ಬಳಕೆದಾರರನ್ನು ಮುಟ್ಟಿತ್ತು. 2012ರ ಅಕ್ಟೋಬರ್ ಹೊತ್ತಿಗೆ ಆ ಸಂಖ್ಯೆ 100 ಕೋಟಿಯಾಯಿತು. ಅಂದರೆ ಅವರು ಕ್ರಿಸ್ಟಿಯಾನೊ ರೊನಾಲ್ಡೊ ಪಕ್ಕದಲ್ಲಿ ಆಡುತ್ತಿದ್ದ ಮೂರು ವರ್ಷಗಳಲ್ಲಿ ಫೇಸ್‌ಬುಕ್ ಗಾತ್ರದಲ್ಲಿ ಎರಡು ಪಟ್ಟು ಮೀರಿ ಬೆಳೆಯಿತು. ಹಾಗೆ ಹೊಸದಾಗಿ ಖಾತೆ ತೆರೆದ ಇಂಡೋನೇಷ್ಯಾ, ಈಜಿಪ್ಟ್, ಟರ್ಕಿ, ಬ್ರೆಜಿಲ್, ಭಾರತಗಳ ಕೋಟ್ಯಂತರ ಯುವಕರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು ತಮ್ಮ ಮೆಚ್ಚಿನ ಆಟಗಾರರ ಪುಟಗಳನ್ನು ಲೈಕ್ ಮಾಡುವುದಾಗಿತ್ತು. ಕ್ರೂಸ್ ಅದೇ ಕ್ಲಬ್‌ಗೆ ಬಂದದ್ದು 2014ರ ವಿಶ್ವಕಪ್ ಮುಗಿದ ಕೂಡಲೇ. ಆ ವರ್ಷದ ಮಾರ್ಚ್‌ನಲ್ಲಿ ಇನ್‌ಸ್ಟಾಗ್ರಾಂಗೆ 20 ಕೋಟಿ ಬಳಕೆದಾರರಿದ್ದರು. 2018ರ ಜೂನ್‌ನಲ್ಲಿ 100 ಕೋಟಿ. ಈ ನಾಲ್ಕು ವರ್ಷಗಳಲ್ಲೇ ರಿಯಲ್ ಮ್ಯಾಡ್ರಿಡ್ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗನ್ನು ಸತತ ಮೂರು ಬಾರಿ ಗೆದ್ದಿತು. ಹೀಗೆ ಫೇಸ್‌ಬುಕ್‌ನ ಬೆಳವಣಿಗೆಯ ಫಸಲು ಓಝಿಲ್ ಅವರಿಗೂ ಇನ್‌ಸ್ಟಾಗ್ರಾಂನ ಫಸಲು ಕ್ರೂಸ್ ಅವರಿಗೂ ಸಂದಿತು. ಮುಲ್ಲರ್ ಮತ್ತು ನೋಯರ್ ಇದ್ದ ಬಯರ್ನ್ ಮ್ಯೂನಿಕ್ ಆಟದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಅದು ನ್ಯೂಯಾರ್ಕ್‌ನಲ್ಲಿ ಕಚೇರಿ ತೆರೆದು ಜರ್ಮನಿಯ ಆಚೆಗಿನ ಅಭಿಮಾನಿಗಳನ್ನು ವ್ಯವಸ್ಥಿತವಾಗಿ ಹುಡುಕತೊಡಗಿದ್ದು 2014ರಲ್ಲಿ; ಅಷ್ಟರಲ್ಲಿ ಸ್ಪೇನ್‌ನ ಎರಡು ಕ್ಲಬ್‌ಗಳೂ ಇಂಗ್ಲೆಂಡಿನ ನಾಲ್ಕೈದು ಕ್ಲಬ್‌ಗಳೂ ಏಷ್ಯಾ ಮತ್ತು ಆಫ್ರಿಕಾದ ಮನೆಗಳಲ್ಲಿ ಗಟ್ಟಿಯಾಗಿ ನೆಲೆಯೂರಿದ್ದವು.

ಹಾಗಾದರೆ ಎಲ್ಲವೂ ಕ್ಲಬ್‌ನ ಮಹಿಮೆಯೇ? ಅಲ್ಲ ಎನ್ನಲು ಅದೇ ಜರ್ಮನಿ ತಂಡದ ಸಾಮಿ ಖೆದೀರಾ ಅವರ ಉದಾಹರಣೆಯೇ ಸಾಕು. ಅವರು ರಿಯಲ್ ಮ್ಯಾಡ್ರಿಡ್ ಸೇರಿದ್ದು ಓಝಿಲ್ ಸೇರಿದ ಅದೇ ಬೇಸಿಗೆಯಲ್ಲಿ. ಅಲ್ಲಿ ಓಝಿಲ್‌ಗಿಂತ ಎರಡು ವರ್ಷ ಹೆಚ್ಚು ಉಳಿದರು, 2014ರಲ್ಲಿ ಚಾಂಪಿಯನ್ಸ್ ಲೀಗ್ ಮತ್ತು ವಿಶ್ವಕಪ್ ಎರಡನ್ನೂ ಗೆದ್ದರು. ಅವರ ಹಿಂಬಾಲಕರ ಸಂಖ್ಯೆ ಮಾತ್ರ ಓಝಿಲ್ ಅವರದಕ್ಕಿಂತ ಎಷ್ಟೋ ಪಾಲು ಕಡಿಮೆ. ಇದಕ್ಕೆ ಆಟದ ಬಗೆಯೂ ಒಂದು ಕಾರಣ. ಖೆದೀರಾ ಮೈದಾನದ ನಡುವೆ ಎದುರಾಳಿಯ ದಾಳಿಯನ್ನು ತಡೆದು ಚೆಂಡನ್ನು ಮುಂದಕ್ಕೆ ಸಾಗಿಸುತ್ತಿದ್ದ ದುಡಿಮೆಗಾರ. ತೊಂಬತ್ತು ನಿಮಿಷ ಕುಳಿತು ನೋಡಿದವರಿಗಷ್ಟೇ ಅಂಥ ಆಟದ ಬೆಲೆ ಗೊತ್ತಾಗುತ್ತದೆ. ಓಝಿಲ್ ಅವರದು ಗೋಲಿಗೆ ದಾರಿ ಮಾಡಿಕೊಡುವ ಕೊನೆಯ ಪಾಸ್. ಎದುರಾಳಿ ರಕ್ಷಕರಿಗೆ ಕಾಣದ ಸಂದಿಯಲ್ಲಿ ಚೆಂಡನ್ನು ತೂರಿಸುವ ಆ ಕೌಶಲವನ್ನು ಹತ್ತು ಸೆಕೆಂಡಿನ ವಿಡಿಯೊ ತುಣುಕಿನಲ್ಲಿ ಹಿಡಿದಿಡಬಹುದು. ಮುಂದೆ ಅವರು ಸೇರಿದ ಲಂಡನ್‌ನ ಆರ್ಸೆನಲ್ ಕ್ಲಬ್ ಪರ 2015–16ರ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ನೀಡಿದ 19 ಅಸಿಸ್ಟ್‌ಗಳು (ಗೋಲಿಗೆ ದಾರಿಯಾದ ಪಾಸ್‌ಗಳು) ಇಂದಿಗೂ ಅಂಥ ತುಣುಕುಗಳಲ್ಲಿ ಓಡಾಡುತ್ತಿವೆ.

ಎರಡನೆಯ ಕಾರಣ ಅವರ ಹಿನ್ನೆಲೆ. ಓಝಿಲ್ 1988ರಲ್ಲಿ ಗೆಲ್ಸೆನ್‌ಕಿರ್ಹೆನ್ ಎಂಬ ಕಲ್ಲಿದ್ದಲು ಗಣಿಗಳ ಪಟ್ಟಣದಲ್ಲಿ ಹುಟ್ಟಿದರು. ಅವರ ಕುಟುಂಬ ಟರ್ಕಿಯ ಝೊಂಗುಲ್ದಾಕ್ ಪ್ರಾಂತದಿಂದ ದುಡಿಮೆಗಾಗಿ ವಲಸೆ ಬಂದದ್ದು. ಝೊಂಗುಲ್ದಾಕ್ ಕೂಡ ಕಲ್ಲಿದ್ದಲಿನ ನಾಡೇ. ಟರ್ಕಿಯ ತಂಡವನ್ನು ಬಿಟ್ಟು ಜರ್ಮನಿಯ ತಂಡವನ್ನು ಆರಿಸಿಕೊಂಡಾಗ ಟರ್ಕಿಯ ಹಲವರು ಮುನಿಸಿಕೊಂಡರು. 2010ರ ಅಕ್ಟೋಬರ್ 8ರಂದು ಬರ್ಲಿನ್‌ನಲ್ಲಿ ಜರ್ಮನಿ ಟರ್ಕಿಯನ್ನು 3–0ಯಿಂದ ಸೋಲಿಸಿದ ಪಂದ್ಯದಲ್ಲಿ ಅವರ ಕಾಲಿಗೆ ಚೆಂಡು ಬಂದಾಗಲೆಲ್ಲ ಗ್ಯಾಲರಿಯ ಒಂದು ಭಾಗ ಕೂಗಿ ಅಣಕಿಸುತ್ತಿತ್ತು. ಅವರು ಗೋಲು ಹೊಡೆದೂ ಸಂಭ್ರಮಿಸಲಿಲ್ಲ. ಪಂದ್ಯದ ಬಳಿಕ ಚಾನ್ಸಲರ್ ಏಂಜೆಲಾ ಮರ್ಕೆಲ್ ಡ್ರೆಸ್ಸಿಂಗ್ ರೂಮಿಗೆ ಬಂದು ಅವರ ಕೈ ಕುಲುಕಿದ ಚಿತ್ರ ದೇಶವಿಡೀ ಹರಡಿತು. ಅದೇ ವರ್ಷ ಅವರಿಗೆ ಸಮಾಜದೊಂದಿಗಿನ ಬೆಸುಗೆಯ ಮಾದರಿಯೆಂದು ಜರ್ಮನಿಯ ಮಾಧ್ಯಮ ಪ್ರಶಸ್ತಿಯಾದ ಬಾಂಬಿ ಸಿಕ್ಕಿತು. ಮುಂದಿನ ವರ್ಷಗಳಲ್ಲಿ ಟರ್ಕಿಯ ಜನರ ಮುನಿಸು ಕರಗಿತು, ಮುಸ್ಲಿಂ ಜಗತ್ತಿನ ಯುವಕರಿಗೆ ಅವರು ನಮ್ಮವರಾದರು. ಪಂದ್ಯದ ಮುನ್ನ ಮೈದಾನದಲ್ಲಿ ಕೈಯೆತ್ತಿ ಪ್ರಾರ್ಥಿಸುವುದು, ಹಬ್ಬಗಳಂದು ಶುಭಾಶಯ ಹಾಕುವುದು, 2016ರಲ್ಲಿ ಮೆಕ್ಕಾದ ಕಾಬಾದ ಎದುರು ಉಮ್ರಾ ಯಾತ್ರೆಯ ಉಡುಪಿನಲ್ಲಿ ನಿಂತ ಚಿತ್ರವನ್ನು ಹಂಚಿಕೊಂಡದ್ದು, ಇವೆಲ್ಲ ಇಂಗ್ಲಿಷ್ ಅಥವಾ ಜರ್ಮನ್ ಫುಟ್‌ಬಾಲ್‌ನ ಅಭಿಮಾನಿಗಳಾಗಿರದಿದ್ದವರನ್ನೂ ಅವರ ಖಾತೆಗೆ ಕರೆತಂದವು.

ಆದರೆ ಹಿನ್ನೆಲೆಯೊಂದೇ ಸಾಲದು ಎಂಬುದಕ್ಕೂ ಅಷ್ಟೇ ಬಲವಾದ ಸಾಕ್ಷಿಯಿದೆ. ಇಲ್ಕೆ ಗುಂಡೋಗನ್ ಅವರೂ ಅದೇ ಗೆಲ್ಸೆನ್‌ಕಿರ್ಹೆನ್‌ನಲ್ಲಿ, ಟರ್ಕಿ ಮೂಲದ ಕುಟುಂಬದಲ್ಲಿ 1990ರಲ್ಲಿ ಹುಟ್ಟಿದವರು. 2023ರಲ್ಲಿ ನಾಯಕರಾಗಿ ಮ್ಯಾಂಚೆಸ್ಟರ್ ಸಿಟಿಗೆ ಒಂದೇ ಋತುವಿನಲ್ಲಿ ಮೂರು ಪ್ರಮುಖ ಟ್ರೋಫಿ ಗೆಲ್ಲಿಸಿಕೊಟ್ಟರು, 2024ರ ಯೂರೋ ಕಪ್‌ನಲ್ಲಿ ಜರ್ಮನಿಯನ್ನು ಮುನ್ನಡೆಸಿದರು. ಕ್ಲಬ್ ಮಟ್ಟದ ಸಾಧನೆಯಲ್ಲಿ ಅವರನ್ನು ಓಝಿಲ್‌ಗಿಂತ ಮೇಲೆ ಇಡುವವರಲ್ಲಿ ನಾನೂ ಒಬ್ಬ. ಆದರೂ ಜಾಲತಾಣದ ಲೆಕ್ಕದಲ್ಲಿ ಅವರು ಓಝಿಲ್‌ಗಿಂತ ಬಹಳ ಹಿಂದೆ. ಖೆದೀರಾ ಅವರಿಗೆ ಅದೇ ಕ್ಲಬ್ ಇತ್ತು, ಆ ಬಗೆಯ ಆಟ ಇರಲಿಲ್ಲ, ಬೆನ್ನಿಗೆ ಅಷ್ಟು ದೊಡ್ಡ ಸಮುದಾಯವೂ ಇರಲಿಲ್ಲ. ಗುಂಡೋಗನ್ ಅವರಿಗೆ ಅದೇ ಊರು, ಅದೇ ಸಮುದಾಯ ಇತ್ತು. ಆದರೆ ಫೇಸ್‌ಬುಕ್ ಬೆಳೆಯುತ್ತಿದ್ದ ವರ್ಷಗಳಲ್ಲಿ ಅವರು ನ್ಯೂರೆಂಬರ್ಗ್ ಮತ್ತು ಡಾರ್ಟ್ಮುಂಡ್‌ನಲ್ಲಿದ್ದರು. ಕ್ಲಬ್, ಆಟದ ಬಗೆ, ಸಮುದಾಯ ಮೂರೂ ಒಟ್ಟಿಗೆ ಒದಗಿದ್ದು ಓಝಿಲ್ ಒಬ್ಬರಿಗೆ ಮಾತ್ರ. ಇದರ ಜೊತೆಗೆ ಅವರ ಬಳಗ ಜಾಲತಾಣವನ್ನು ಬಲು ಜಾಣತನದಿಂದ ಬಳಸಿತು ಎಂಬುದನ್ನೂ ಹೇಳಬೇಕು. ಆರ್ಸೆನಲ್ ದಿನಗಳಲ್ಲಿ ಅವರ ಪೋಸ್ಟ್‌ಗಳ ಕೊನೆಗೆ ಬರುತ್ತಿದ್ದ ‘ಯಾ ಗನ್ನರ್ಸ್ ಯಾ’ (ಗನ್ನರ್ಸ್ ಎಂಬುದು ಆರ್ಸೆನಲ್‌ನ ಅಡ್ಡಹೆಸರು) ಎಂಬ ಹ್ಯಾಷ್‌ಟ್ಯಾಗ್ ಅಭಿಮಾನಿಗಳ ಬಾಯಲ್ಲಿ ಘೋಷಣೆಯಂತೆ ನಿಂತಿತ್ತು. 2014ರಲ್ಲಿ ಜರ್ಮನಿ ಬ್ರೆಜಿಲ್ ತಂಡವನ್ನು ಅದರ ನೆಲದಲ್ಲೇ 7–1ರಿಂದ ಮಣಿಸಿದ ಮೇಲೆ, ನಿಮ್ಮ ದೇಶ ಸುಂದರ, ಈ ಒಂದು ಪಂದ್ಯ ನಿಮ್ಮ ಹೆಮ್ಮೆಯನ್ನು ಅಳಿಸಲಾರದು ಎಂಬ ಅರ್ಥದ ಸಾಂತ್ವನವನ್ನು ಅವರು ಬ್ರೆಜಿಲ್ ಜನರಿಗೆ ಬರೆದರು. ಈ ಕಲೆಯಲ್ಲಿ ಅವರಿಗೆ ಸರಿಸಾಟಿಯಾಗಿದ್ದವರು ಅದೇ ತಂಡದ ಲೂಕಾಸ್ ಪೊಡೊಲ್ಸ್ಕಿ. ಆ ಇಡೀ ಪಂದ್ಯಾವಳಿಯಲ್ಲಿ ಪೋರ್ಚುಗೀಸ್ ಭಾಷೆಯಲ್ಲೇ ಬರೆದು ಬ್ರೆಜಿಲಿಗರ ಮನ ಗೆದ್ದ ಅವರು ಮೈದಾನಕ್ಕೆ ಇಳಿದದ್ದು ಅಪರೂಪ.

ತಾಯ್ನಾಡಿನ ವಿಷಯಕ್ಕೆ ಬರೋಣ. ಓಝಿಲ್ ಹೊರಗಿನವರಿಗಷ್ಟೇ ಪ್ರಿಯ, ಜರ್ಮನರಿಗೆ ಅಲ್ಲ ಎಂಬ ಭಾವನೆ ನಿಮ್ಮ ಪ್ರಶ್ನೆಯಲ್ಲಿ ಇಣುಕುತ್ತಿದೆ. 2018ಕ್ಕೆ ಮುಂಚಿನ ಮಟ್ಟಿಗೆ ಅದು ಸರಿಯಲ್ಲ. ಜರ್ಮನ್ ಫುಟ್‌ಬಾಲ್ ಒಕ್ಕೂಟ ರಾಷ್ಟ್ರೀಯ ತಂಡದ ವರ್ಷದ ಆಟಗಾರನನ್ನು ಅಭಿಮಾನಿಗಳ ಮತದಿಂದ ಆರಿಸುತ್ತದೆ. 2011, 2012, 2013, 2015, 2016 ಹೀಗೆ ಐದು ಬಾರಿ ಆ ಗೌರವ ಓಝಿಲ್ ಅವರಿಗೆ ಸಂದಿದೆ. ಇತ್ತ ಕ್ರೀಡಾ ಪತ್ರಕರ್ತರು ಮತ ಹಾಕಿ ಆರಿಸುವ ಜರ್ಮನಿಯ ವರ್ಷದ ಫುಟ್‌ಬಾಲಿಗ ಪ್ರಶಸ್ತಿ ಅವರಿಗೆ ಒಮ್ಮೆಯೂ ಬರಲಿಲ್ಲ. ನೋಯರ್‌ಗೆ 2011 ಮತ್ತು 2014ರಲ್ಲಿ, ಕ್ರೂಸ್‌ಗೆ 2018 ಮತ್ತು 2024ರಲ್ಲಿ ಬಂತು. ಆದ್ದರಿಂದ ಬಿರುಕು ಮೊದಲು ಕಾಣಿಸಿದ್ದು ಜರ್ಮನರಿಗೂ ಹೊರಗಿನವರಿಗೂ ನಡುವೆ ಅಲ್ಲ, ಅಭಿಮಾನಿಗಳಿಗೂ ಪತ್ರಿಕೆಗಳಿಗೂ ನಡುವೆ. ಸೋತ ಪಂದ್ಯಗಳ ನಂತರ ಅವರ ಬಾಗಿದ ಭುಜಗಳನ್ನೂ ರಾಷ್ಟ್ರಗೀತೆ ಹಾಡದ ಅವರ ಮುಚ್ಚಿದ ತುಟಿಗಳನ್ನೂ ಕುರಿತು ಅಲ್ಲಿನ ವಿಮರ್ಶಕರು ಬರೆದದ್ದು ಕಡಿಮೆಯೇನಲ್ಲ.

ಆ ಬಿರುಕು ಒಡೆದು ಬೇರಾದದ್ದು 2018ರಲ್ಲಿ. ಮೇ ತಿಂಗಳಲ್ಲಿ ಲಂಡನ್‌ನಲ್ಲಿ ಓಝಿಲ್ ಮತ್ತು ಗುಂಡೋಗನ್ ಅವರು ಟರ್ಕಿಯ ಅಧ್ಯಕ್ಷ ರೆಸೆಪ್ ತಯ್ಯಿಪ್ ಎರ್ಡೋಗನ್ ಜೊತೆ ಚಿತ್ರ ತೆಗೆಸಿಕೊಂಡರು. ಟರ್ಕಿಯಲ್ಲಿ ಚುನಾವಣೆ ಹತ್ತಿರವಿದ್ದುದರಿಂದ ಜರ್ಮನಿಯಲ್ಲಿ ದೊಡ್ಡ ಗದ್ದಲವಾಯಿತು. ಜೂನ್‌ನಲ್ಲಿ ಹಾಲಿ ಚಾಂಪಿಯನ್ ಜರ್ಮನಿ ಮೆಕ್ಸಿಕೊ ಮತ್ತು ದಕ್ಷಿಣ ಕೊರಿಯಾಗಳಿಗೆ ಸೋತು ವಿಶ್ವಕಪ್‌ನ ಮೊದಲ ಸುತ್ತಿನಲ್ಲೇ ಮನೆಗೆ ಮರಳಿತು. ಜುಲೈ 22ರ ಭಾನುವಾರ ಓಝಿಲ್ ಪತ್ರಿಕಾಗೋಷ್ಠಿ ಕರೆಯಲಿಲ್ಲ, ಯಾವ ವಾಹಿನಿಗೂ ಸಂದರ್ಶನ ಕೊಡಲಿಲ್ಲ. ದಿನವಿಡೀ ಬಿಡಿಸಿ ಬಿಡಿಸಿ ಮೂರು ಭಾಗಗಳಲ್ಲಿ ತಮ್ಮ ಹೇಳಿಕೆಯನ್ನು ಜಾಲತಾಣದಲ್ಲೇ ಪ್ರಕಟಿಸಿದರು. ಗೆದ್ದಾಗ ನಾನು ಜರ್ಮನ್, ಸೋತಾಗ ವಲಸಿಗ ಎಂಬ ಮಾತು ಬಂದದ್ದು ಅದರಲ್ಲೇ. ಗಮನಿಸಬೇಕಾದದ್ದು, ಜರ್ಮನಿಯ ತಂಡವನ್ನು ತೊರೆಯುವ ಆ ಹೇಳಿಕೆ ಇಂಗ್ಲಿಷಿನಲ್ಲಿತ್ತು. ಬರ್ಲಿನ್‌ನ ಸಂಪಾದಕರು ಅದನ್ನು ಅನುವಾದಿಸಿಕೊಳ್ಳುವಷ್ಟರಲ್ಲಿ ಲಾಗೋಸ್, ಕೌಲಾಲಂಪುರ, ಕರಾಚಿಗಳ ಓದುಗರು ಅದನ್ನು ಹಂಚಿಕೊಂಡಾಗಿತ್ತು. ನನ್ನ ಮಟ್ಟಿಗೆ ಅವರ ಜಾಲತಾಣದ ಬಲ ಅತ್ಯಂತ ಸ್ಪಷ್ಟವಾಗಿ ಕಂಡ ದಿನ ಅದು. ತನ್ನ ದೇಶದ ಪತ್ರಿಕೆಗಳ ಓದುಗರಿಗಿಂತ ಹೆಚ್ಚು ಓದುಗರನ್ನು ಒಬ್ಬ ಆಟಗಾರ ತಾನೇ ಇಟ್ಟುಕೊಂಡಿದ್ದರೆ ಅವನಿಗೆ ಪತ್ರಿಕೆಗಳ ಹಂಗಿಲ್ಲ. ಕೆಲವೇ ದಿನಗಳಲ್ಲಿ ಅಲಿ ಜಾನ್ ಎಂಬ ಕಾರ್ಯಕರ್ತ ಆರಂಭಿಸಿದ ‘ಮೀಟೂ’ (MeTwo) ಎಂದೇ ಉಚ್ಚರಿಸುವ, ಆದರೆ ಎರಡು ಗುರುತುಗಳಿರುವವರು ಎಂಬ ಅರ್ಥದ ಹ್ಯಾಷ್‌ಟ್ಯಾಗ್‌ನಡಿ ಜರ್ಮನಿಯ ಸಾವಿರಾರು ವಲಸಿಗ ಕುಟುಂಬಗಳವರು ತಮ್ಮ ದಿನನಿತ್ಯದ ಅವಮಾನಗಳನ್ನು ಬರೆದರು. ಅದೇ ತಂಡದಲ್ಲಿದ್ದ ಕ್ರೂಸ್ ಮಾತ್ರ ತಂಡದೊಳಗೆ ವರ್ಣಭೇದವಿದೆ ಎಂಬ ಸೂಚನೆಯನ್ನು ಬಹಿರಂಗವಾಗಿ ತಳ್ಳಿಹಾಕಿದರು. ಒಬ್ಬರ ಹಿಂಬಾಲಕರೂ ಇನ್ನೊಬ್ಬರ ಹಿಂಬಾಲಕರೂ ಒಂದೇ ವಿಷಯವನ್ನು ಎಷ್ಟು ಬೇರೆಯಾಗಿ ಓದಿದರೆಂಬುದು ಅಂದಿನ ಪ್ರತಿಕ್ರಿಯೆಗಳಲ್ಲಿದೆ.

ಇಷ್ಟು ದೊಡ್ಡ ಬಳಗಕ್ಕೆ ಬೆಲೆ ತೆರಬೇಕಾದ ಸಂದರ್ಭವೂ ಬಂತು. 2019ರ ಡಿಸೆಂಬರ್‌ನಲ್ಲಿ ಚೀನಾದ ಉಯಿಗರ್ ಮುಸ್ಲಿಮರ ಪರವಾಗಿ ಓಝಿಲ್ ಟರ್ಕಿಶ್ ಭಾಷೆಯಲ್ಲಿ ಬರೆದಾಗ ಚೀನಾದ ಸರ್ಕಾರಿ ವಾಹಿನಿ ಆರ್ಸೆನಲ್ ಮತ್ತು ಮ್ಯಾಂಚೆಸ್ಟರ್ ಸಿಟಿ ಪಂದ್ಯದ ನೇರ ಪ್ರಸಾರವನ್ನು ಕೈಬಿಟ್ಟಿತು, ಅಲ್ಲಿನ ಫುಟ್‌ಬಾಲ್ ವಿಡಿಯೊ ಗೇಮ್‌ನಿಂದ ಅವರ ಹೆಸರನ್ನೇ ತೆಗೆಯಲಾಯಿತು. ಅದು ಅವರ ವೈಯಕ್ತಿಕ ಅಭಿಪ್ರಾಯ ಎಂದು ಅವರ ಕ್ಲಬ್ ದೂರ ಸರಿಯಿತು. 2022ರ ಏಪ್ರಿಲ್ ಕೊನೆಯಲ್ಲಿ ಭಾರತದ ಮುಸ್ಲಿಮರ ಕ್ಷೇಮಕ್ಕಾಗಿ ಪ್ರಾರ್ಥಿಸುವುದಾಗಿ ಅವರು ಬರೆದ ಟ್ವೀಟ್‌ಗೆ ನಮ್ಮಲ್ಲಿಯೂ ಮೆಚ್ಚುಗೆ ಮತ್ತು ಸಿಟ್ಟು ಎರಡೂ ಹರಿದದ್ದು ಹಲವರಿಗೆ ನೆನಪಿರಬಹುದು. ಮುಲ್ಲರ್ ಅಥವಾ ನೋಯರ್ ಅವರ ಒಂದು ಸಾಲು ಬೆಂಗಳೂರಿನ ಓಣಿಯಲ್ಲೂ ಬೀಜಿಂಗ್‌ನ ಕಚೇರಿಯಲ್ಲೂ ಒಂದೇ ವೇಳೆ ಚರ್ಚೆಯಾಗುವುದನ್ನು ನಾನು ಕಂಡಿಲ್ಲ.

2020ರ ಕೊನೆಯ ತಿಂಗಳುಗಳಲ್ಲಂತೂ ವಿಚಿತ್ರ ಸ್ಥಿತಿಯಿತ್ತು. ಆರ್ಸೆನಲ್ ಅವರನ್ನು ಪಂದ್ಯಾವಳಿಗಳ ತಂಡದ ಪಟ್ಟಿಯಲ್ಲೇ ಸೇರಿಸಿರಲಿಲ್ಲ. ಮೈದಾನದಲ್ಲಿ ಅವರ ನೆರಳೂ ಇಲ್ಲ. ಆದರೆ ಕ್ಲಬ್‌ನ ಡೈನೋಸಾರ್ ಗೊಂಬೆಯ ವೇಷ ಹಾಕುತ್ತಿದ್ದ ನೌಕರನನ್ನು ಕೆಲಸದಿಂದ ತೆಗೆದಾಗ ತಾವು ಕ್ಲಬ್‌ನಲ್ಲಿರುವವರೆಗೆ ಅವರ ಸಂಬಳ ಕೊಡುವುದಾಗಿ ಬರೆದು ಇಡೀ ಇಂಗ್ಲೆಂಡಿನ ಮಾತಿಗೆ ವಸ್ತುವಾದರು, ತಮ್ಮದೇ ತಂಡದ ಪಂದ್ಯಗಳಿಗೆ ಮನೆಯಲ್ಲಿ ಕುಳಿತು ಟ್ವಿಟರ್‌ನಲ್ಲಿ ವೀಕ್ಷಕ ವಿವರಣೆ ಕೊಟ್ಟರು. 2021ರ ಜನವರಿಯಲ್ಲಿ ಟರ್ಕಿಯ ಫೆನರ್‌ಬಾಚೆ ಕ್ಲಬ್ ಸೇರಲು ಅವರು ಇಸ್ತಾಂಬುಲ್‌ಗೆ ಹೊರಟ ವಿಮಾನವನ್ನು ಲಕ್ಷಾಂತರ ಜನ ಜಾಲತಾಣದಲ್ಲಿ ಹಿಂಬಾಲಿಸಿದರು. ಅಲ್ಲಿ ಅವರು ತೊಟ್ಟ ಅಂಗಿಯ ಸಂಖ್ಯೆ 67. ಅದು ಝೊಂಗುಲ್ದಾಕ್‌ನ ವಾಹನಗಳ ನೋಂದಣಿ ಸಂಖ್ಯೆ. ಆಟದ ಲೆಕ್ಕದಲ್ಲಿ ಆ ವರ್ಷಗಳು ಸಪ್ಪೆ ಎಂದು ಹೇಳದೆ ವಿಧಿಯಿಲ್ಲ.

ಇನ್ನು ನಂಬಿಕೆಯ ಪ್ರಶ್ನೆ. ಹಿಂಬಾಲಕರ ಸಂಖ್ಯೆ ಸುಳ್ಳಲ್ಲ, ಆದರೆ ಅದು ಸೇರುತ್ತ ಹೋಗುವ ಶಿಲ್ಕು. ಇಂದಿನ ವ್ಯವಹಾರ ಎಷ್ಟೆಂದು ಅದು ತಿಳಿಸುವುದಿಲ್ಲ. 2011ರಲ್ಲಿ ಲೈಕ್ ಒತ್ತಿ ಫೇಸ್‌ಬುಕ್ಕನ್ನೇ ಮರೆತವರೂ ಆ 3 ಕೋಟಿಯಲ್ಲಿದ್ದಾರೆ. ಮೂರು ಜಾಲತಾಣಗಳ ಸಂಖ್ಯೆ ಕೂಡಿಸಿ 7 ಕೋಟಿ ಅಭಿಮಾನಿಗಳು ಎನ್ನುವ ವರದಿಗಳು ಒಬ್ಬನೇ ಅಭಿಮಾನಿಯನ್ನು ಮೂರು ಸಲ ಎಣಿಸುತ್ತವೆ. 2018ರ ಜುಲೈನಲ್ಲಿ, ಓಝಿಲ್ ಅವರ ಆ ಹೇಳಿಕೆಗೆ ಕೆಲವೇ ದಿನ ಮುಂಚೆ, ಟ್ವಿಟರ್ ಸಂಶಯಾಸ್ಪದವೆಂದು ಬೀಗ ಹಾಕಿದ್ದ ಖಾತೆಗಳನ್ನು ಲೆಕ್ಕದಿಂದ ತೆಗೆದಾಗ ಜಗತ್ತಿನ ಖ್ಯಾತನಾಮರೆಲ್ಲರ ಸಂಖ್ಯೆ ರಾತ್ರೋರಾತ್ರಿ ಇಳಿಯಿತು. ಮೆಚ್ಚುಗೆಯಿಂದ ಹಿಂಬಾಲಿಸುವವರನ್ನೂ ಮುಂದಿನ ವಿವಾದಕ್ಕಾಗಿ ಕಾಯುವವರನ್ನೂ ಆ ಸಂಖ್ಯೆ ಬೇರ್ಪಡಿಸುವುದಿಲ್ಲ. 2025ರ ಫೆಬ್ರುವರಿಯಲ್ಲಿ ಎರ್ಡೋಗನ್ ಅವರ ಪಕ್ಷದ ಕೇಂದ್ರ ಮಂಡಳಿಗೆ ಓಝಿಲ್ ಆಯ್ಕೆಯಾದ ಮೇಲೆ ಈ ಎರಡನೆಯ ಗುಂಪು ದೊಡ್ಡದಾಗಿರಬಹುದೆಂದು ನನಗನ್ನಿಸುತ್ತದೆ. ಮುಲ್ಲರ್ ಅವರಲ್ಲಿ ಇದರ ತಿರುವುಮುರುವು ಕಾಣುತ್ತದೆ. ಹತ್ತನೆಯ ವಯಸ್ಸಿನಲ್ಲಿ ಬಯರ್ನ್ ಸೇರಿ 2025ರವರೆಗೆ ಅಲ್ಲೇ ಉಳಿದ ಅವರ ಬವೇರಿಯನ್ ಹಾಸ್ಯ, ತಮ್ಮನ್ನೇ ಗೇಲಿ ಮಾಡಿಕೊಳ್ಳುವ ವಿಡಿಯೊಗಳು, ಕುದುರೆಗಳ ಜೊತೆಗಿನ ಚಿತ್ರಗಳು ಜರ್ಮನ್ ಬಲ್ಲವರಿಗೆ ಹೆಚ್ಚು ರುಚಿಸುತ್ತವೆ. ಆ ಒಲವು ಆಳವಾದದ್ದು, ಆದರೆ ಭಾಷೆಯ ಗಡಿ ದಾಟಿ ಕೋಟಿಗಳಾಗುವಂಥದ್ದಲ್ಲ. ಇಬ್ಬರನ್ನು ಹೋಲಿಸಲೇಬೇಕಿದ್ದರೆ ಒಟ್ಟು ಸಂಖ್ಯೆಯನ್ನು ಬದಿಗಿಟ್ಟು, ಈ ತಿಂಗಳ ಒಂದೊಂದು ಪೋಸ್ಟ್‌ಗೆ ಬಂದ ಪ್ರತಿಕ್ರಿಯೆಗಳು ಎಷ್ಟು, ಯಾವ ಭಾಷೆಗಳಲ್ಲಿವೆ ಎಂಬುದನ್ನು ನೋಡಿ. ಅಭಿಮಾನಿಗಳು ಯಾವ ದೇಶದವರೆಂಬುದು ಆ ಭಾಷೆಗಳಿಂದಲೇ ಬಹುಮಟ್ಟಿಗೆ ತಿಳಿಯುತ್ತದೆ.

ನನ್ನ ವಿವರಣೆ ಸರಿಯೋ ತಪ್ಪೋ ಎಂದು ನೀವೇ ಪರೀಕ್ಷಿಸಲು ಈಗ ಒಳ್ಳೆಯ ಅವಕಾಶವಿದೆ. ಜಮಾಲ್ ಮುಸಿಯಾಲಾ ಮತ್ತು ಫ್ಲೋರಿಯಾನ್ ವಿರ್ಟ್ಸ್ ಇಬ್ಬರೂ 2003ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ಹುಟ್ಟಿದವರು, ಇಬ್ಬರೂ ಜರ್ಮನಿಯ ದಾಳಿ ವಿಭಾಗದ ಆಟಗಾರರು. ಮೊದಲನೆಯವರು ಬಯರ್ನ್‌ನಲ್ಲೇ ಉಳಿದರೆ ಎರಡನೆಯವರು 2025ರಲ್ಲಿ ಲೆವರ್‌ಕುಸೆನ್ ಬಿಟ್ಟು ಲಿವರ್‌ಪೂಲ್‌ಗೆ ಹೋದರು. ಕ್ಲಬ್‌ನ ಪ್ರಭಾವ ನಾನು ಹೇಳಿದಷ್ಟು ದೊಡ್ಡದಾಗಿದ್ದರೆ, ಆಟ ಸಮಸಮವಾಗಿ ಸಾಗಿದರೂ ಮುಂದಿನ ಮೂರ್ನಾಲ್ಕು ವರ್ಷಗಳಲ್ಲಿ ಏಷ್ಯಾದ ಹೊಸ ಹಿಂಬಾಲಕರಲ್ಲಿ ಹೆಚ್ಚಿನವರು ವಿರ್ಟ್ಸ್ ಅವರ ಖಾತೆಗೆ ಸೇರಬೇಕು. ಹಾಗಾಗದೆ ಮುಸಿಯಾಲಾ ಮುಂದೆ ಸಾಗಿದರೆ, ಬಯರ್ನ್‌ನ ಹೊರನಾಡಿನ ದುಡಿಮೆ ಕೊನೆಗೂ ಫಲ ಕೊಟ್ಟಿದೆ ಎಂದು ನನ್ನ ಲೆಕ್ಕವನ್ನು ತಿದ್ದಬೇಕಾಗುತ್ತದೆ.